ದೋಹಾ ಘೋಷಣೆಯ ಕರಡು ಮುಗಿಯುವ ಮೊದಲೇ ನಮ್ಮ ಮಾತು ಅಲ್ಲಿ ಸೇರಲಿ

20 ಜೂನ್ 2025

ಮಾನ್ಯ ಸಂಪಾದಕರೇ,

ಬರುವ ನವೆಂಬರ್ 4ರಿಂದ 6ರವರೆಗೆ ಕತಾರಿನ ದೋಹಾ ನಗರದಲ್ಲಿ ವಿಶ್ವಸಂಸ್ಥೆಯ ಎರಡನೆಯ ಸಾಮಾಜಿಕ ಅಭಿವೃದ್ಧಿ ಶೃಂಗಸಭೆ ಸೇರಲಿದೆ. ಮೊದಲನೆಯದು ಸೇರಿದ್ದು 1995ರ ಮಾರ್ಚ್ ತಿಂಗಳಿನಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಬಡತನ ನಿವಾರಣೆ, ದುಡಿಯುವ ಕೈಗಳಿಗೆಲ್ಲ ಗೌರವದ ಉದ್ಯೋಗ, ಯಾರನ್ನೂ ಹೊರಗಿಡದ ಸಮಾಜ ಎಂಬ ಮೂರು ವಿಷಯಗಳನ್ನು ಮುಂದಿಟ್ಟುಕೊಂಡ ಈ ಸಭೆಯ ಬಗ್ಗೆ ನವೆಂಬರ್ ಬಂದಾಗ ಪತ್ರಿಕೆಗಳಲ್ಲಿ ಚಿತ್ರಸಹಿತ ವರದಿಗಳು ಬಂದೇ ಬರುತ್ತವೆ. ಆದರೆ ನನಗೆ ತುರ್ತಾಗಿ ಕಾಣುತ್ತಿರುವುದು ಈಗ ಕಳೆಯುತ್ತಿರುವ ಈ ಕೆಲವು ತಿಂಗಳುಗಳು. ಶೃಂಗಸಭೆಯಲ್ಲಿ ಅಂಗೀಕಾರವಾಗಬೇಕಿರುವ ರಾಜಕೀಯ ಘೋಷಣೆಯ ಕರಡು ಸದ್ಯ ನ್ಯೂಯಾರ್ಕ್‌ನಲ್ಲಿ ರಾಷ್ಟ್ರಗಳ ಪ್ರತಿನಿಧಿಗಳ ಮುಂದಿದೆ. ಬೆಲ್ಜಿಯಂ ಮತ್ತು ಮೊರಾಕ್ಕೊ ದೇಶಗಳ ಕಾಯಂ ಪ್ರತಿನಿಧಿಗಳು ಆ ಮಾತುಕತೆಯನ್ನು ನಡೆಸಿಕೊಡುತ್ತಿದ್ದಾರೆ. ದೋಹಾದ ಸಭಾಂಗಣದಲ್ಲಿ ನಾಯಕರು ಭಾಷಣ ಮಾಡುವ ಹೊತ್ತಿಗೆ ಆ ಪಠ್ಯದಲ್ಲಿ ಒಂದು ಅಲ್ಪವಿರಾಮವನ್ನೂ ಬದಲಿಸಲು ಸಾಧ್ಯವಿರುವುದಿಲ್ಲ. ನಮ್ಮ ಊರಿನ, ನಮ್ಮ ಕಸುಬಿನ ಮಾತು ಅದರಲ್ಲಿ ಸೇರಬೇಕಾದರೆ ಕಾಲವಿರುವುದು ಈಗಲೇ. ಈ ಸಿದ್ಧತೆಯಲ್ಲಿ ಸಾಮಾನ್ಯರು ಪಾಲ್ಗೊಳ್ಳುವ ದಾರಿಗಳು ಯಾವುವೆಂದು ನಾನು ಓದಿ, ಕೇಳಿ, ಸ್ವಲ್ಪ ಮಟ್ಟಿಗೆ ಮಾಡಿಯೂ ನೋಡಿರುವುದನ್ನು ನಿಮ್ಮ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ.

ಮೊದಲು ಆ ಪಠ್ಯ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ತಿಳಿದಿರಬೇಕು, ಏಕೆಂದರೆ ಎಲ್ಲಿ ಬಾಗಿಲು ತಟ್ಟಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ನಡೆಸಿಕೊಡುವವರು ಮೊದಲ ಕರಡನ್ನು ಹಂಚುತ್ತಾರೆ. ಬಳಿಕ ದೇಶಗಳು ಒಂದೊಂದಾಗಿ, ಅದಕ್ಕಿಂತ ಹೆಚ್ಚಾಗಿ ಗುಂಪುಗಳಾಗಿ, ಯಾವ ಸಾಲು ಇರಬೇಕು, ಯಾವುದು ಬೇಡ, ಯಾವ ಪದ ಸಡಿಲವಾಗಬೇಕು ಎಂದು ವಾದಿಸುತ್ತವೆ. ಒಪ್ಪಿಗೆಯಾಗದ ಪದಗಳನ್ನು ಚೌಕದ ಕಂಸದೊಳಗೆ ಹಾಕಿಡುವುದು ಅಲ್ಲಿನ ರೂಢಿ. ಭಾರತವು 1964ರಲ್ಲಿ ಹುಟ್ಟಿದ 77 ರಾಷ್ಟ್ರಗಳ ಗುಂಪಿನ ಸ್ಥಾಪಕ ಸದಸ್ಯ. ಇಂತಹ ಮಾತುಕತೆಗಳಲ್ಲಿ ಆ ಗುಂಪು ಸಾಮಾನ್ಯವಾಗಿ ಒಂದೇ ದನಿಯಲ್ಲಿ ಮಾತಾಡುತ್ತದೆ, ಈ ವರ್ಷ ಅದರ ಅಧ್ಯಕ್ಷತೆ ಇರಾಕಿನದು. ಕೊನೆಗೆ ಕರಡನ್ನು ಎಲ್ಲ ದೇಶಗಳಿಗೂ ಕಳಿಸಿ, ಇಷ್ಟು ಗಂಟೆಯೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆಯಾದಂತೆ ಎಂದು ಗಡುವು ಕೊಡುತ್ತಾರೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅಲ್ಲಿ ಅಕ್ಷರಶಃ ಕಾರ್ಯವಿಧಾನವೇ ಆಗಿದೆ. ಆದ್ದರಿಂದ ನಮ್ಮ ಮಾತು ನ್ಯೂಯಾರ್ಕಿಗೆ ತಲುಪಬೇಕಾದರೆ ಅದು ದೆಹಲಿಯ ಕಡತದ ಮೂಲಕ ಹೋಗಬೇಕು, ಇಲ್ಲವೇ ವಿಶ್ವಸಂಸ್ಥೆಯ ಮಾನ್ಯತೆ ಇರುವ ಯಾವುದಾದರೂ ಸಂಘಟನೆಯ ಮೂಲಕ ಹೋಗಬೇಕು. ಈ ಎರಡೂ ದಾರಿಗಳಲ್ಲಿ ಯಾವುದೂ ಸಾಮಾನ್ಯರಿಗೆ ಮುಚ್ಚಿಲ್ಲ.

ಒಂದು ಪದದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕೋಪನ್‌ಹೇಗನ್ನಿನ ಉದಾಹರಣೆಯೇ ಸಾಕು. ಬಡ ದೇಶಗಳು ತಮ್ಮ ಬಜೆಟ್ಟಿನ ಶೇ 20ರಷ್ಟನ್ನು, ಶ್ರೀಮಂತ ದೇಶಗಳು ತಾವು ಕೊಡುವ ಅಭಿವೃದ್ಧಿ ನೆರವಿನ ಶೇ 20ರಷ್ಟನ್ನು ಪ್ರಾಥಮಿಕ ಶಿಕ್ಷಣ, ಆರೋಗ್ಯ, ಕುಡಿಯುವ ನೀರಿನಂತಹ ಮೂಲ ಸೇವೆಗಳಿಗೆ ಮೀಸಲಿಡಬೇಕೆಂಬ ಪ್ರಸ್ತಾವ ಆಗ ಇತ್ತು. ಎಷ್ಟು ಸರಳವಾದ, ಎಷ್ಟು ನ್ಯಾಯವಾದ ಲೆಕ್ಕ! ಆದರೆ ಅಂತಿಮ ಪಠ್ಯದಲ್ಲಿ ಅದು ‘ಆಸಕ್ತಿ ಇರುವ’ ದೇಶಗಳ ನಡುವಿನ ಪರಸ್ಪರ ಬದ್ಧತೆಯಾಗಿ ಉಳಿಯಿತು. ಆ ಒಂದು ವಿಶೇಷಣ ಸೇರಿದ್ದರಿಂದ ಕಡ್ಡಾಯವಾಗಬಹುದಾಗಿದ್ದ ಮಾತು ಐಚ್ಛಿಕವಾಯಿತು. 117 ರಾಷ್ಟ್ರಗಳ ಮುಖ್ಯಸ್ಥರು ಸೇರಿ 10 ಬದ್ಧತೆಗಳನ್ನು ಸಾರಿದ ಸಭೆ ಅದು. ಅಲ್ಲಿಯವರೆಗೆ ಅಷ್ಟು ನಾಯಕರು ಒಂದೆಡೆ ಸೇರಿದ್ದೇ ಇರಲಿಲ್ಲ. ಆದರೂ ‘ಆಸಕ್ತಿ ಇರುವ’ ಎಂಬ ಪದವನ್ನು ಕಿತ್ತುಹಾಕಲು ಆಗಲಿಲ್ಲ.

ಅದೇ ಪಠ್ಯದಲ್ಲಿ ಜನರ ಪರವಾದ ಗಟ್ಟಿ ಮಾತುಗಳೂ ಇವೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಕಡುಬಡತನವೆಂದರೆ ಬರೀ ಕೈಯಲ್ಲಿ ದುಡ್ಡಿಲ್ಲದಿರುವುದಲ್ಲ. ಆಹಾರ, ಶುದ್ಧ ಕುಡಿಯುವ ನೀರು, ಶೌಚಾಲಯ, ಆರೋಗ್ಯ, ವಸತಿ, ಶಿಕ್ಷಣ, ಮಾಹಿತಿ ಇವುಗಳ ತೀವ್ರ ಕೊರತೆಯೇ ಕಡುಬಡತನ ಎಂದು ಎಲ್ಲ ಸರ್ಕಾರಗಳೂ ಅಲ್ಲಿ ಒಪ್ಪಿಕೊಂಡವು. ‘ಮಾಹಿತಿ’ ಎಂಬ ಪದ ಆ ಪಟ್ಟಿಯಲ್ಲಿ ಇರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತನಗೆ ಬರಬೇಕಾದ್ದು ಏನೆಂದು ತಿಳಿಯದ ಮನುಷ್ಯನೂ ಬಡವನೇ ಎಂದು ಜಗತ್ತು ಬರೆದುಕೊಟ್ಟ ಮಾತದು.

ಆ ಪಠ್ಯ ತಯಾರಾಗಿದ್ದು ಕೋಪನ್‌ಹೇಗನ್ನಿನಲ್ಲಲ್ಲ. ಚಿಲಿ ದೇಶದ ರಾಯಭಾರಿ ಹುವಾನ್ ಸೊಮಾವಿಯಾ ಅವರ ಅಧ್ಯಕ್ಷತೆಯಲ್ಲಿ ಸಿದ್ಧತಾ ಸಮಿತಿಯು ನ್ಯೂಯಾರ್ಕಿನಲ್ಲಿ 1994ರ ಆರಂಭದಿಂದ 1995ರ ಜನವರಿಯವರೆಗೆ ಮೂರು ಸಲ ಸೇರಿತ್ತು. ಬಹುಪಾಲು ಒಪ್ಪಂದ ಅಲ್ಲಿಯೇ ಆಗಿಹೋಗಿತ್ತು. ಮಾರ್ಚ್‌ನಲ್ಲಿ ಸಾವಿರಾರು ಮಂದಿ ಸ್ವಯಂಸೇವಾ ಕಾರ್ಯಕರ್ತರು ಕೋಪನ್‌ಹೇಗನ್ನಿನ ಹೋಲ್ಮನ್ ಎಂಬ ಹಳೆಯ ನೌಕಾನೆಲೆಯಲ್ಲಿ ಪರ್ಯಾಯ ವೇದಿಕೆ ನಡೆಸಿದರು, ಸರ್ಕಾರಗಳ ಘೋಷಣೆ ತೃಪ್ತಿ ಕೊಡದ ಕಾರಣ ತಮ್ಮದೇ ಆದ ಪರ್ಯಾಯ ಘೋಷಣೆಯನ್ನೂ ಹೊರಡಿಸಿದರು. ಅವರ ಕಳಕಳಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ ವರ್ಷಗಳಲ್ಲಿ ಮಹಿಳಾ ಸಂಘಟನೆಗಳು ಹಿಡಿದ ದಾರಿ ಹೆಚ್ಚು ಫಲ ಕೊಟ್ಟಿತೆಂದು ನನ್ನ ತಿಳಿವಳಿಕೆ. ಅಮೆರಿಕದ ಮಾಜಿ ಸಂಸದೆ ಬೆಲ್ಲಾ ಅಬ್ಜುಗ್ ಮತ್ತು ಅವರ ಸಂಗಾತಿಗಳು ಸಿದ್ಧತಾ ಸಭೆಗಳಿಗೇ ಹೋಗಿ, ಬೆಳಗ್ಗೆ ಒಟ್ಟಿಗೆ ಕುಳಿತು, ಕರಡನ್ನು ಸಾಲು ಸಾಲಾಗಿ ಓದಿ, ಯಾವ ಸಾಲಿಗೆ ಯಾವ ತಿದ್ದುಪಡಿ ಬೇಕೆಂದು ಬರೆದು, ಅದನ್ನು ಆಯಾ ದೇಶಗಳ ಪ್ರತಿನಿಧಿಗಳ ಕೈಗೆ ಕೊಡುತ್ತಿದ್ದರು. ಸಂಜೆಯ ಧಿಕ್ಕಾರಕ್ಕಿಂತ ಬೆಳಗಿನ ತಿದ್ದುಪಡಿ ಪ್ರತಿನಿಧಿಗಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅವರಿಗೆ ಬೇಕಾಗಿರುವುದು ಬರೆದು ಸಿದ್ಧವಿರುವ ಒಂದು ವಾಕ್ಯ.

ಇದು ದೂರದವರ ಕತೆ ಎಂದು ನಾವು ಭಾವಿಸಬೇಕಾಗಿಲ್ಲ. 1985ರ ಜುಲೈನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮೂರನೆಯ ಮಹಿಳಾ ಸಮ್ಮೇಳನ ನಡೆಯುವುದಕ್ಕೆ ಸುಮಾರು ಒಂದು ವರ್ಷ ಮೊದಲು, 1984ರ ಆಗಸ್ಟ್‌ನಲ್ಲಿ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಮಹಿಳಾ ಚಿಂತಕಿಯರ ಒಂದು ಸಣ್ಣ ಗುಂಪು ಸೇರಿದ್ದು ನಮ್ಮ ಬೆಂಗಳೂರಿನಲ್ಲಿ. ಕರೆದವರು ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. ಸಾಲ, ಬರ, ಆಹಾರದ ಕೊರತೆ, ಕೂಲಿ, ಇವೆಲ್ಲ ಬಡ ಹೆಂಗಸಿನ ಬಾಳಿನಲ್ಲಿ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅವರು ಅಲ್ಲಿ ಚರ್ಚಿಸಿ, ನೈರೋಬಿಗೆ ಕೊಂಡೊಯ್ಯಲು ಒಂದು ಬರಹಕ್ಕೆ ಅಡಿಪಾಯ ಹಾಕಿದರು. ‘ಡಾನ್’ ಎಂದು ಇಂದು ಹೆಸರಾಗಿರುವ ದಕ್ಷಿಣ ಜಗತ್ತಿನ ಮಹಿಳೆಯರ ಜಾಲ ಹುಟ್ಟಿದ್ದು ಆ ಸಭೆಯಿಂದ. ಸಮ್ಮೇಳನಕ್ಕೆ ಒಂದು ವರ್ಷ ಮೊದಲೇ ಕೂತು ಬರೆದದ್ದರಿಂದಲೇ ಅವರ ಮಾತಿಗೆ ಅಲ್ಲಿ ತೂಕ ಬಂತು. ಹಾಗೆಯೇ ಅಹಮದಾಬಾದಿನಲ್ಲಿ 1972ರಲ್ಲಿ ನೋಂದಣಿಯಾದ ‘ಸೇವಾ’ ಸಂಘಟನೆಯ ಇಳಾ ಭಟ್ ಮತ್ತು ಅವರ ಸದಸ್ಯೆಯರು, ಮನೆಯಲ್ಲೇ ಕೂತು ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಹೆಂಗಸರೂ ಕಾರ್ಮಿಕರೇ ಎಂದು ವರ್ಷಾನುಗಟ್ಟಲೆ ಜಿನೀವಾದವರೆಗೆ ವಾದಿಸಿದ್ದರಿಂದ, 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಯಾಧಾರಿತ ದುಡಿಮೆಯ ಬಗ್ಗೆ 177ನೆಯ ಒಪ್ಪಂದವನ್ನು ಅಂಗೀಕರಿಸಿತು. ನಮ್ಮ ದೇಶ ಇನ್ನೂ ಅದನ್ನು ಸ್ಥಿರೀಕರಿಸಿಲ್ಲವೆಂಬುದು ಬೇರೆಯೇ ಒಂದು ಪತ್ರಕ್ಕೆ ವಿಷಯ.

ನನಗೆ ಈ ಬಗ್ಗೆ ಆಸಕ್ತಿ ಹುಟ್ಟಿದ್ದೂ ಮನೆಯಲ್ಲೇ ದುಡಿಯುವ ಹೆಂಗಸರಿಂದಲೇ. ನಾನು ಮೂವತ್ತೊಂದು ವರ್ಷ ಸಮಾಜವಿಜ್ಞಾನ ಪಾಠ ಹೇಳಿದ ಮೇಷ್ಟ್ರು. ವಿಶ್ವಸಂಸ್ಥೆಯ ಆರು ಅಂಗಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನಮ್ಮೂರಿನ ಹಾಲಿನ ಡೇರಿಯ ಜಗಲಿಯಲ್ಲಿ, ಬೆಳಗಿನ ಹಾಲು ಅಳೆದು ಮುಗಿದ ಮೇಲೆ, ಎರಡು ಭಾನುವಾರ ಹದಿನೈದು ಇಪ್ಪತ್ತು ಹೆಂಗಸರು ಮತ್ತು ನಾಲ್ಕೈದು ಮಂದಿ ಹಿರಿಯರು ನನ್ನೊಂದಿಗೆ ಕುಳಿತಿದ್ದರು. ಅವರಲ್ಲಿ ಹೆಚ್ಚಿನವರು ಊದುಬತ್ತಿ ಹೊಸೆದವರು, ಕೆಲವರು ಈಗಲೂ ಹೊಸೆಯುವವರು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಇದ್ದಿಲ ಹಿಟ್ಟನ್ನು ಕಲಸಿ, ಮಣೆಯ ಮೇಲೆ ಅಂಗೈ ಒತ್ತಿ ಕಡ್ಡಿ ಉರುಳಿಸುತ್ತಾ ಉರುಳಿಸುತ್ತಾ ಬೆರಳ ತುದಿಯ ಗೆರೆಗಳೇ ಸವೆದು ಹೋಗಿರುತ್ತವೆ. ಈ ಶೃಂಗಸಭೆಯ ಬಗ್ಗೆ ಹೇಳಿ, ನಿಮಗೆ ಜಗತ್ತಿನ ಸರ್ಕಾರಗಳಿಗೆ ಒಂದು ಮಾತು ಹೇಳುವ ಅವಕಾಶ ಸಿಕ್ಕರೆ ಏನು ಹೇಳುತ್ತೀರಿ ಎಂದು ಕೇಳಿದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದರು. ‘ಮೇಷ್ಟ್ರೇ, ಪಿಂಚಣಿ ಬಿಡುಸ್ಕೊಳಾಕೆ ಹೋದ್ರೆ ಆ ಮಿಷನ್ನು ಇದು ನಾನಲ್ಲ ಅಂತದೆ. ಸೆರಗಲ್ಲಿ ಒರೆಸ್ಕೊಂಡು ಒತ್ತುದ್ರೂ ಅಷ್ಟೇ, ನಿಂಬೆಹಣ್ಣು ತಿಕ್ಕಂಡು ಒತ್ತುದ್ರೂ ಅಷ್ಟೇ. ನಾನು ನಾನೇ ಅನ್ನಾಕೆ ಯಾರನ್ನ ಕೇಳ್ಲಿ?’ ಎಂದರು. ಮೂರು ಸಲ ಆಟೊ ಚಾರ್ಜು ಕೊಟ್ಟು ಹೋಗಿ ಬರಿಗೈಯಲ್ಲಿ ಬಂದ ಲೆಕ್ಕವನ್ನು ಬೆರಳು ಮಡಿಚಿ ಹೇಳಿದರು. ಜಗಲಿಯಲ್ಲಿದ್ದವರೆಲ್ಲ ಸುಮ್ಮನಾದರು, ಏಕೆಂದರೆ ಅವರಲ್ಲಿ ಬಹುತೇಕರ ಕೈ ಹಾಗೆಯೇ ಇತ್ತು.

ಆ ದಿನ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ವಾಕ್ಯ ಇದು: ‘ಯಂತ್ರವು ಬೆರಳಚ್ಚನ್ನು ಗುರುತಿಸದ ಕಾರಣಕ್ಕೆ ಯಾವ ವೃದ್ಧರ, ಯಾವ ಕಾರ್ಮಿಕರ ಸಾಮಾಜಿಕ ಭದ್ರತೆಯೂ ನಿಲ್ಲಬಾರದು; ಗುರುತನ್ನು ಖಚಿತಪಡಿಸಲು ಮನುಷ್ಯರೇ ನಡೆಸುವ ಮತ್ತೊಂದು ದಾರಿ ಪ್ರತಿ ಹಳ್ಳಿಯಲ್ಲೂ ಇರಬೇಕು.’ ಡಿಜಿಟಲ್ ವ್ಯವಸ್ಥೆಗಳು ಸಾಮಾಜಿಕ ಸೇವೆಯನ್ನು ಜನರ ಹತ್ತಿರ ತರುತ್ತವೆಂದು ಎಲ್ಲ ದೇಶಗಳೂ ಹೇಳುತ್ತಿರುವ ಈ ಹೊತ್ತಿನಲ್ಲಿ ಒಂದು ಜಾಗತಿಕ ಘೋಷಣೆಯಲ್ಲಿ ಇರಬೇಕಾದ ವಾಕ್ಯ ಇದೇ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಅದು ನ್ಯೂಯಾರ್ಕಿನ ಯಾವ ತಜ್ಞರ ತಲೆಯಲ್ಲೂ ಹುಟ್ಟುವಂಥದ್ದಲ್ಲ. ಹುಟ್ಟಿದ್ದು ಊದುಬತ್ತಿ ಹೊಸೆದ ಹೆಬ್ಬೆರಳಿನಲ್ಲಿ.

ಭಾಷೆಯ ತೊಡಕು ದೊಡ್ಡದು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಕನ್ನಡದಲ್ಲಿ ಯೋಚಿಸುವವರ ಮಾತು ಅಲ್ಲಿಗೆ ಹೋಗಬೇಕಾದರೆ ಅನುವಾದ ಆಗಲೇಬೇಕು, ಮತ್ತು ಅಲ್ಲಿನ ಮಾತು ಇಲ್ಲಿಗೆ ಬರಲೂ ಅನುವಾದ ಆಗಲೇಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2012ರ 202ನೆಯ ಶಿಫಾರಸಿನಲ್ಲಿ ಬರುವ ‘ಸಾಮಾಜಿಕ ಸಂರಕ್ಷಣೆಯ ನೆಲಗಟ್ಟು’ ಎಂಬ ಪರಿಕಲ್ಪನೆಯನ್ನು ಎರಡನೆಯ ಭಾನುವಾರ ವಿವರಿಸಲು ನಾನು ಬಹಳ ಒದ್ದಾಡಿದೆ. ಹುಟ್ಟಿನಿಂದ ಮುಪ್ಪಿನವರೆಗೆ ಚಿಕಿತ್ಸೆಗೂ ಜೀವನಾಧಾರಕ್ಕೂ ಒಂದು ಕನಿಷ್ಠ ಮಟ್ಟ, ಅದಕ್ಕಿಂತ ಕೆಳಗೆ ಯಾರೂ ಬೀಳಬಾರದು ಎಂದೆಲ್ಲ ಹೇಳಿದ ಮೇಲೆ ಒಬ್ಬ ಹೆಣ್ಣುಮಗಳು, ‘ಅಂದ್ರೆ ಮಳೆ ಬಂದಾಗ ಸೋರದಿರೋ ಮೂಲೆ’ ಎಂದಳು. ಇನ್ನು ಮುಂದೆ ಆ ಪದವನ್ನು ನಾನು ಹಾಗೆಯೇ ವಿವರಿಸುತ್ತೇನೆ.

ಈಗ ದಾರಿಗಳ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಗ್ರಾಮಸಭೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಪಂಚಾಯಿತಿಗಳು ಸುಸ್ಥಿರ ಅಭಿವೃದ್ಧಿಯ ಒಂಬತ್ತು ವಿಷಯಗಳಡಿ ತಮ್ಮ ಯೋಜನೆ ಮಾಡಬೇಕೆಂದು ಕೇಂದ್ರವೇ ಹೇಳಿದೆ, ಅವುಗಳಲ್ಲಿ ಸಾಮಾಜಿಕ ಭದ್ರತೆಯೂ ಒಂದು. ಅಲ್ಲಿ ಒಂದು ನಿರ್ಣಯ ಮಂಡಿಸಿ, ಪಿಡಿಒ ಅವರಿಂದ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ದೃಢೀಕೃತ ನಕಲನ್ನು ಪಡೆಯುವುದು ಯಾರಿಂದಲೂ ಆಗುವ ಕೆಲಸ. ಮೂವತ್ತು ಮಂದಿಯ ಮನವಿಗೆ ಇಲ್ಲದ ತೂಕ ಒಂದು ಶಾಸನಬದ್ಧ ಸಭೆಯ ನಿರ್ಣಯಕ್ಕಿದೆ. ರಾಜ್ಯದಲ್ಲಿ ಆರು ಸಾವಿರದಷ್ಟು ಗ್ರಾಮ ಪಂಚಾಯಿತಿಗಳಿವೆ. ಅವುಗಳಲ್ಲಿ ಅರವತ್ತು ಕಡೆ ಇಂತಹ ಒಂದು ನಿರ್ಣಯವಾದರೂ ದೆಹಲಿಯ ಯಾವ ಅಧಿಕಾರಿಯೂ ಅದನ್ನು ಬದಿಗಿಡಲಾರರು. ನಿರ್ಣಯ ಚಿಕ್ಕದಾಗಿರಬೇಕು, ಒಂದೇ ವಿಷಯದ್ದಾಗಿರಬೇಕು. ಊರಿನ ಎಲ್ಲ ಕಷ್ಟಗಳನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಯಾವುದೂ ಉಳಿಯುವುದಿಲ್ಲ.

ಆ ನಕಲು ಹೋಗಬೇಕಾದ್ದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ, ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ, ವಿದೇಶಾಂಗ ಸಚಿವಾಲಯದಲ್ಲಿ ವಿಶ್ವಸಂಸ್ಥೆಯ ವ್ಯವಹಾರ ನೋಡಿಕೊಳ್ಳುವ ವಿಭಾಗಕ್ಕೆ, ನ್ಯೂಯಾರ್ಕಿನಲ್ಲಿರುವ ಭಾರತದ ಕಾಯಂ ನಿಯೋಗಕ್ಕೆ. ಜೊತೆಗೆ ನಮ್ಮ ಸಂಸದರಿಗೆ. ರಾಜ್ಯದಿಂದ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಮಂದಿ ಇದ್ದಾರೆ, ಸಂಸತ್ತಿನ ಮಳೆಗಾಲದ ಅಧಿವೇಶನ ಜುಲೈನಲ್ಲಿ ಆರಂಭವಾಗಲಿದೆ. ‘ದೋಹಾ ಘೋಷಣೆಯ ಕರಡಿನ ಬಗ್ಗೆ ಭಾರತ ಯಾವ ನಿಲುವು ತಳೆದಿದೆ, ಅದಕ್ಕೆ ಮೊದಲು ಯಾವ ರಾಜ್ಯಗಳನ್ನು, ಯಾವ ಸಂಘಟನೆಗಳನ್ನು ಕೇಳಲಾಗಿದೆ?’ ಎಂದು ಒಬ್ಬ ಸದಸ್ಯರು ಲಿಖಿತ ಪ್ರಶ್ನೆ ಕೇಳಿದರೂ ಸಾಕು, ಸಚಿವಾಲಯ ಉತ್ತರಕ್ಕಾಗಿ ಕಡತ ತೆಗೆಯಲೇಬೇಕಾಗುತ್ತದೆ. ಪ್ರಶ್ನೆಗೆ ಮುಂಚಿತವಾಗಿಯೇ ಸೂಚನೆ ಕೊಡಬೇಕಾದ್ದರಿಂದ ಈ ವಾರವೇ ಅವರ ಕಚೇರಿಗೆ ಕಾಗದ ತಲುಪಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅದೇ ಪ್ರಶ್ನೆಯನ್ನು ನಾವೇ ಕೇಳಬಹುದು. ವಿದೇಶ ಸಂಬಂಧಕ್ಕೆ ಧಕ್ಕೆಯಾಗುವ ಮಾಹಿತಿಗೆ ಕಾಯ್ದೆಯ 8ನೆಯ ಸೆಕ್ಷನ್ನಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಯಾರೊಂದಿಗೆ ಸಮಾಲೋಚನೆ ಆಯಿತು, ಯಾವ ದಿನ ಆಯಿತು ಎಂಬುದು ದೇಶದ ರಹಸ್ಯವಲ್ಲ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಅರ್ಜಿಯನ್ನು ತಡಮಾಡದೆ ಹಾಕಬೇಕು.

ಇನ್ನೊಂದು ದಾರಿ ಮಾನ್ಯತೆ ಪಡೆದ ಸಂಘಟನೆಗಳದು. ವಿಶ್ವಸಂಸ್ಥೆಯ ಸನ್ನದಿನ 71ನೆಯ ವಿಧಿಯು ಸರ್ಕಾರೇತರ ಸಂಸ್ಥೆಗಳೊಂದಿಗೆ ಸಮಾಲೋಚನೆ ನಡೆಸುವ ಅವಕಾಶವನ್ನು ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಕೊಟ್ಟಿದೆ; 1996ರ ಒಂದು ನಿರ್ಣಯ ಅದರ ನಿಯಮಗಳನ್ನು ಹೇಳುತ್ತದೆ. ಕನಿಷ್ಠ ಎರಡು ವರ್ಷದಿಂದ ಅಸ್ತಿತ್ವದಲ್ಲಿರುವ, ತನ್ನದೇ ನಿಯಮಾವಳಿ ಮತ್ತು ಲೆಕ್ಕಪತ್ರ ಇರುವ ಸಂಸ್ಥೆ ಸಮಾಲೋಚಕ ಸ್ಥಾನಮಾನಕ್ಕೆ ಅರ್ಜಿ ಹಾಕಬಹುದು. ಪ್ರತಿ ವರ್ಷ ಜೂನ್ 1 ಅದಕ್ಕೆ ಕೊನೆಯ ದಿನ, ಆದ್ದರಿಂದ ಈ ಸಲ ಹೊಸದಾಗಿ ಹಾಕುವವರಿಗೆ ಅವಕಾಶ ತಪ್ಪಿದೆ; 19 ದೇಶಗಳ ಸಮಿತಿಯೊಂದು, ಭಾರತವೂ ಅದರಲ್ಲಿದೆ, ಅರ್ಜಿಗಳನ್ನು ಪರಿಶೀಲಿಸುವುದರಿಂದ ಸ್ಥಾನಮಾನ ಸಿಗಲು ಬಹಳ ಕಾಲವೂ ಬೇಕು. ಆದರೆ ಈಗಾಗಲೇ ಸ್ಥಾನಮಾನ ಪಡೆದಿರುವ ಭಾರತೀಯ ಸಂಸ್ಥೆಗಳು ಅನೇಕವಿವೆ. ನಮ್ಮ ಸಣ್ಣ ಸಂಘಗಳು ಅವುಗಳನ್ನು ಹುಡುಕಿ, ತಮ್ಮ ಒಂದು ಪುಟದ ಟಿಪ್ಪಣಿಯನ್ನು ಅವುಗಳ ಲಿಖಿತ ಹೇಳಿಕೆಯಲ್ಲಿ ಸೇರಿಸುವಂತೆ ಕೇಳುವುದೇ ಹೆಚ್ಚು ವಿವೇಕದ ಕೆಲಸ. ಅಲ್ಲಿ ಮಾತಾಡಲು ಸಿಗುವುದು ಎರಡು ಮೂರು ನಿಮಿಷ ಮಾತ್ರ. ಬರೆದು ಕೊಟ್ಟದ್ದು ದಾಖಲೆಯಾಗಿ ಉಳಿಯುತ್ತದೆ.

1992ರ ರಿಯೊ ಭೂಶೃಂಗಸಭೆಯಿಂದ ಬಂದಿರುವ ಒಂಬತ್ತು ‘ಪ್ರಮುಖ ಗುಂಪು’ಗಳ ವ್ಯವಸ್ಥೆಯೂ ಇದೆ: ಮಹಿಳೆಯರು, ಮಕ್ಕಳು ಮತ್ತು ಯುವಜನರು, ಮೂಲನಿವಾಸಿಗಳು, ಸರ್ಕಾರೇತರ ಸಂಸ್ಥೆಗಳು, ಸ್ಥಳೀಯ ಸರ್ಕಾರಗಳು, ಕಾರ್ಮಿಕರು ಮತ್ತು ಕಾರ್ಮಿಕ ಸಂಘಗಳು, ಉದ್ಯಮ, ವಿಜ್ಞಾನ ಸಮುದಾಯ, ರೈತರು. ಅಂಗವಿಕಲರು, ಹಿರಿಯ ನಾಗರಿಕರು ಮೊದಲಾದವರ ಗುಂಪುಗಳು ಆಮೇಲೆ ಸೇರಿವೆ. ರೈತ ಸಂಘದವರು, ನಗರಸಭೆಯ ಸದಸ್ಯರು, ವಿದ್ಯಾರ್ಥಿಗಳು ತಮಗೆ ಸಲ್ಲುವ ಗುಂಪಿನ ಮೂಲಕ ಕರಡಿನ ಬಗ್ಗೆ ಟಿಪ್ಪಣಿ ಕಳಿಸಬಹುದು. ಹಿರಿಯ ನಾಗರಿಕರ ಸಂಘಗಳಿಗೆ ಇದು ವಿಶೇಷವಾಗಿ ಒದಗಿ ಬಂದಿರುವ ಕಾಲ. ಹಿರಿಯರ ಹಕ್ಕುಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯ ಕರಡು ತಯಾರಿಸಲು ಮಾನವ ಹಕ್ಕುಗಳ ಮಂಡಳಿ ಇದೇ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. ದೋಹಾಕ್ಕೆಂದು ಸಿದ್ಧಪಡಿಸಿದ ಮಾತು ಅಲ್ಲಿಗೂ ಸಲ್ಲುತ್ತದೆ.

ಕಾರ್ಮಿಕ ಸಂಘಗಳ ಸ್ಥಾನ ಬೇರೆಯೇ ಆದದ್ದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರಿಗೂ ಮತವಿದೆ. ಇದೇ ತಿಂಗಳು ಜಿನೀವಾದಲ್ಲಿ ಮುಗಿದ ಅದರ ಸಮ್ಮೇಳನವು, ಆ್ಯಪ್‌ಗಳ ಮೂಲಕ ದುಡಿಯುವವರ ಬಗ್ಗೆ ಮುಂದಿನ ವರ್ಷ ಕಟ್ಟುಪಾಡಿನ ಒಪ್ಪಂದವೊಂದನ್ನೇ ತರುವ ದಿಕ್ಕಿನಲ್ಲಿ ತೀರ್ಮಾನ ಕೈಗೊಂಡಿದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಮೇ ತಿಂಗಳಿನಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಯಿಂದ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟುವುದು ಅದರ ಮುಖ್ಯ ಅಂಶ. ಮಳೆಯಲ್ಲಿ ನೆನೆಯುತ್ತಾ ಊಟದ ಪೊಟ್ಟಣ ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಹುಡುಗನಿಗಾಗಿ ಒಂದು ರಾಜ್ಯ ಏನು ಮಾಡಲು ಹೊರಟಿದೆ ಎಂಬುದು ಜಗತ್ತಿಗೆ ಉಪಯೋಗವಾಗುವ ಅನುಭವ. ರಾಜ್ಯದ ಕಾರ್ಮಿಕ ಇಲಾಖೆ ಇದನ್ನು ಬರಹ ರೂಪದಲ್ಲಿ ಕೇಂದ್ರದ ನಿಯೋಗಕ್ಕೆ ಈಗಲೇ ಒದಗಿಸಬೇಕೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ. ಆ ಹುಡುಗರ ಸಂಘಗಳೂ ತಮ್ಮ ಅನುಭವವನ್ನು, ನಿಧಿಯಿಂದ ಅವರಿಗೆ ನಿಜವಾಗಿ ಏನು ಬೇಕೆಂಬುದನ್ನು, ಪ್ರತ್ಯೇಕವಾಗಿ ಬರೆದು ಕಳಿಸಬೇಕು. ಸರ್ಕಾರ ಬರೆಯುವುದು ಮತ್ತು ದುಡಿಯುವವರು ಬರೆಯುವುದು ಎಂದೂ ಒಂದೇ ಆಗಿರುವುದಿಲ್ಲ.

ಇಷ್ಟೆಲ್ಲ ಮಾಡಿ ಘೋಷಣೆಯಲ್ಲಿ ಒಂದು ಸಾಲು ಸೇರಿದರೆ ಅಜ್ಜಿಗೆ ಪಿಂಚಣಿ ಬರುತ್ತದೆಯೇ ಎಂದು ಡೇರಿಯ ಜಗಲಿಯಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಂತಹ ಘೋಷಣೆಗೆ ಕಾನೂನಿನ ಬಲವಿಲ್ಲ. ಕೋಪನ್‌ಹೇಗನ್ ಸಭೆ ನಡೆದ 1995ರಲ್ಲೇ, ಆಗಸ್ಟ್ 15ರಂದು, ನಮ್ಮ ದೇಶದಲ್ಲಿ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾಯಿತು. ಬಡ ವೃದ್ಧರಿಗೆ ಕೇಂದ್ರದ ಪಾಲು ಆಗ ತಿಂಗಳಿಗೆ 75 ರೂಪಾಯಿ. ಅದು ಆಮೇಲೆ 200 ರೂಪಾಯಿಯಾಯಿತು, 2011ರಿಂದ 80 ದಾಟಿದವರಿಗೆ 500 ಆಯಿತು. 80ರೊಳಗಿನವರಿಗೆ ಕೇಂದ್ರದ ಪಾಲು ಇಂದಿಗೂ ಆ 200 ರೂಪಾಯಿಯೇ. ನಮ್ಮಲ್ಲಿ ಕೈಗೆ ಅದಕ್ಕಿಂತ ಹೆಚ್ಚು ಬರುತ್ತಿರುವುದು ರಾಜ್ಯ ತನ್ನ ಪಾಲು ಸೇರಿಸುವುದರಿಂದ. ಸುಮಾರು ಎರಡು ದಶಕಗಳಿಂದ ಏರದ ಈ ಮೊತ್ತವನ್ನು ಏರಿಸಿರೆಂದು ಕೇಳುವವರ ಕೈಯಲ್ಲಿ, ‘ನೀವೇ ಜಗತ್ತಿನ ಮುಂದೆ ಒಪ್ಪಿಕೊಂಡಿದ್ದೀರಿ’ ಎಂದು ತೋರಿಸಲು ಒಂದು ಕಾಗದವಿದ್ದರೆ ಆ ಕೇಳಿಕೆಗೆ ಬಲ ಬರುತ್ತದೆ. ಕೋಪನ್‌ಹೇಗನ್ ನಂತರ ಹುಟ್ಟಿದ, ಉರುಗ್ವೆಯ ಮೊಂಟೆವಿಡಿಯೊದಲ್ಲಿ ಕೇಂದ್ರ ಕಚೇರಿ ಇರುವ ‘ಸೋಷಿಯಲ್ ವಾಚ್’ ಜಾಲ ಅನೇಕ ವರ್ಷ ಮಾಡಿದ್ದು ಇದನ್ನೇ: ಸರ್ಕಾರಗಳು ಕೊಟ್ಟ ಮಾತನ್ನೂ ನಡೆದುಕೊಂಡ ರೀತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರಕಟಿಸುವುದು. ನಮ್ಮಲ್ಲಿ 2004ರಿಂದ ‘ವಾದಾ ನ ತೋಡೊ ಅಭಿಯಾನ’ ಇದೇ ಕೆಲಸ ಮಾಡುತ್ತಿದೆ. ದೋಹಾದ ನಂತರ ಅದರ ಪ್ರಗತಿಯನ್ನು ಗಮನಿಸುವ ಸಾಮಾಜಿಕ ಅಭಿವೃದ್ಧಿ ಆಯೋಗವು ಪ್ರತಿ ವರ್ಷ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಸೇರುತ್ತದೆ, ಅಲ್ಲಿಯೂ ಲಿಖಿತ ಹೇಳಿಕೆಗಳಿಗೆ ಅವಕಾಶವಿದೆ. ಈಗ ಬರೆದ ಕಾಗದ ನವೆಂಬರಿಗೆ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಮಾನ್ಯ ಸಂಪಾದಕರೇ, ತಮ್ಮಲ್ಲಿಯೇ ಒಂದು ಬೇಡಿಕೆ. ಘೋಷಣೆಯ ಕರಡನ್ನು ಯಾರಾದರೂ ಪೂರ್ತಿಯಾಗಿ ಕನ್ನಡಕ್ಕೆ ತಂದು ಅಚ್ಚು ಮಾಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳೂ ಭಾಷಾಂತರ ವಿಭಾಗಗಳೂ ಒಟ್ಟಾಗಿ ಕೂತರೆ ಅದು ವಾರದ ಕೆಲಸ. ತಮ್ಮ ಪತ್ರಿಕೆ ಒಂದು ಪುಟ ಕೊಟ್ಟರೆ ಅದು ಒಂದೇ ಬೆಳಗಿನಲ್ಲಿ ರಾಜ್ಯದ ಮೂಲೆಮೂಲೆಗೆ ತಲುಪುತ್ತದೆ. ಭಾಷೆ ಸರಳವಾಗಿರಲಿ, ‘ಸಾಮಾಜಿಕ ಏಕೀಕರಣ’ದಂತಹ ಪದಗಳ ಪಕ್ಕದಲ್ಲಿ ಊರಿನವರು ಆಡುವ ಮಾತೂ ಇರಲಿ. ನಾನು ನನ್ನ ಅಲ್ಪ ಇಂಗ್ಲಿಷಿನಲ್ಲಿ ಕೆಲವು ಕಂಡಿಕೆಗಳನ್ನು ಅನುವಾದಿಸಲು ತೊಡಗಿದ್ದೇನೆ, ಆದರೆ ಇದು ಒಬ್ಬನಿಂದ ಆಗುವ ಕೆಲಸವಲ್ಲ, ತಪ್ಪುಗಳಾಗುವ ಭಯವೂ ಇದೆ. ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಹೆಬ್ಬೆಟ್ಟಿನ ನಿರ್ಣಯವನ್ನು ಆ ಅಜ್ಜಿಯೇ ಮಂಡಿಸುವುದಾಗಿ ಒಪ್ಪಿದ್ದಾರೆ. ಕರಡಿನ ಕನ್ನಡ ಪಾಠ ಅಷ್ಟರೊಳಗೆ ಅಚ್ಚಾದರೆ ಅದನ್ನು ಅಲ್ಲಿ ಜೋರಾಗಿ ಓದಿ ಹೇಳುವುದು ನನ್ನ ಪಾಲಿನ ಕೆಲಸ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ,
ತುಮಕೂರು ಜಿಲ್ಲೆ